ಸೋಡಾಬುಡ್ಡಿ ಸಂಘದ ಮಾಜಿ ಅಧ್ಯಕ್ಷೆಗೆ

ಮಹಡಿಯ ಕೋಣೆಯಿಂದ (ಸದ್ಯ ಇಡಿಯಾಗಿ ನನ್ನದು)
ಡಿಸೆಂಬರ್ ೪, ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಣ್ಣಿನ ಉರಿ ಇಳಿಯಿತಾ? ಅತ್ತೆ ಡ್ರಾಪ್ಸ್ ಬಿಡುವಾಗ ರಾಗ ತೆಗೆಯಬೇಡ, ಪಕ್ಕದ ಮನೆಯವರು ಬೇರೇನೋ ತಿಳಿದುಕೊಂಡಾರು. ಇದನ್ನು ನಿನಗೆ ಓದಿ ಹೇಳುತ್ತಿರುವವರೂ ಅತ್ತೆಯೇ ಎಂದು ಬಲ್ಲೆ. ಅತ್ತೇ, ದಯವಿಟ್ಟು ಇಲ್ಲಿಂದ ಮುಂದೆ ದನಿ ಗಂಭೀರವಾಗಿರಲಿ. ವಿಷಯ ಸಂಘದ್ದು.

ನಮ್ಮ ಮನೆಯ ಸೋಡಾಬುಡ್ಡಿ ಸಂಘಕ್ಕೆ ಇದ್ದದ್ದೇ ಇಬ್ಬರು ಸದಸ್ಯರು: ದಪ್ಪ ಕನ್ನಡಕದ ಅಧ್ಯಕ್ಷೆ ನೀನು, ಅದಕ್ಕಿಂತ ದಪ್ಪ ಕನ್ನಡಕದ ಕಾರ್ಯದರ್ಶಿ ನಾನು. ಹೋದ ವರ್ಷ ಲೇಸರ್ ಮಾಡಿಸಿಕೊಂಡು ನೀನು ರಾಜೀನಾಮೆ ಬಿಸಾಕಿದೆ. ಆಮೇಲೂ ದೂರದ ಬಸ್ಸಿನ ಬೋರ್ಡು ನಿನಗೆ ಮಸುಕಾಗಿಯೇ ಕಾಣುತ್ತಿತ್ತಲ್ಲ, ‘ಸ್ವಲ್ಪ ನಂಬರು ಉಳಿದುಬಿಟ್ಟಿದೆ ಕಣೋ’ ಎಂದು ಗೋಳಾಡಿದೆಯಲ್ಲ, ಆ ದಿನ ನಾನು ಬಾಯಲ್ಲಿ ಅಯ್ಯೋ ಪಾಪ ಅಂದೆ, ಮನಸ್ಸಿನಲ್ಲಿ ಆಗಲೇ ನಿನ್ನ ಕುರ್ಚಿಯ ಧೂಳು ಒರೆಸಿದೆ. ವಾಪಸ್ ಬಂದೇ ಬರುತ್ತಾಳೆ ಅಂದುಕೊಂಡೆ. ನೀನು ನೋಡಿದರೆ ಉಳಿದ ಆ ಚೂರನ್ನೂ ಕಳೆದುಕೊಳ್ಳಲು ಎರಡನೇ ಸಲ ಲೇಸರ್ ಕೆಳಗೆ ಮಲಗಿ ಎದ್ದಿದ್ದೀಯ!

ಹೊಟ್ಟೆಕಿಚ್ಚಾ? ಛೆ ಛೆ. ಬರೀ ಹೊಟ್ಟೆಯಲ್ಲ, ಎದೆ, ಗಂಟಲು ಎಲ್ಲ ಉರಿಯುತ್ತಿದೆ. ಅದೇ ಡಾಕ್ಟರು, ಅದೇ ಮೆಷಿನ್ನಿಗೆ ನನ್ನ ಗದ್ದ ಒರಗಿಸಿ, ‘ನಿನ್ನ ಕಾರ್ನಿಯಾ ತುಂಬಾ ತೆಳು ಮರಿ, ಲೇಸರ್ ಆಗಲ್ಲ’ ಅಂದುಬಿಟ್ಟರು. ನಿನ್ನ ಕಣ್ಣಿನ ಪದರವೋ, ಒಮ್ಮೆ ಕೆತ್ತಿದ ಮೇಲೂ ಇನ್ನೊಂದು ಸಲಕ್ಕೆ ಆಗುವಷ್ಟು ಮಿಕ್ಕಿತ್ತಂತೆ. ನಿನ್ನದು ಎಮ್ಮೆ ಚರ್ಮ ಎಂದು ಅಮ್ಮ ಬೈಯುವುದನ್ನು ಕೇಳಿದ್ದೆ. ಕಣ್ಣಿಗೂ ಅದನ್ನೇ ಹೊದಿಸಿದ್ದಾರೆಂದು ಗೊತ್ತಿರಲಿಲ್ಲ. ಒಂದೇ ತಾಯಿಯ ಮಕ್ಕಳಿಗೆ ಬಡಿಸುವಾಗ ಇಷ್ಟೊಂದು ಪಂಕ್ತಿಭೇದವೇ? ಅಮ್ಮನನ್ನೇ ಕೇಳಿದೆ. ‘ಅವಳಾದ್ಮೇಲೆ ಬಂದ್ಯಲ್ಲ, ಪಾತ್ರೆ ತಳ ಕೆರೆದು ಹಾಕಿದ್ದು ನಿಂಗೆ’ ಎಂದು ನಕ್ಕಳು. ನಾನೂ ನಕ್ಕೆ. ಕಾರ್ಯದರ್ಶಿ ಸಾರ್ವಜನಿಕವಾಗಿ ಅಳುವಂತಿಲ್ಲವಲ್ಲ.

ಅತ್ತೆಗೆ ನಮಸ್ಕಾರ. ನಿನಗೆ ಹಲ್ಲು ಕಚ್ಚಿಕೊಂಡು ಶುಭಾಶಯ.

ಸಂಘದ ಹಾಲಿ ಅಧ್ಯಕ್ಷ, ಕಾರ್ಯದರ್ಶಿ ಹಾಗೂ ಜವಾನ,
ನಿನ್ನ ತಮ್ಮ

ತಾ.ಕ.: ಅತ್ತೇ, ಇಲ್ಲಿಗೆ ನಿಲ್ಲಿಸಿ, ಹಾಳೆಯನ್ನು ಅವಳ ಕೈಗೇ ಕೊಡಿ, ಅಂಗೈಯಗಲದ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಅಕ್ಕಾ, ಡಾಕ್ಟರು ಮತ್ತೆ ನಿನ್ನ ಕಣ್ಣು ನೋಡಲು ಕರೆದಾಗ, ಎದ್ದು ಬರುವ ಮೊದಲು ಒಂದು ಮಾತು ಕೇಳು. ವಯಸ್ಸು ಹೆಚ್ಚಿದಂತೆ ಕಾರ್ನಿಯಾ ದಪ್ಪವಾಗುತ್ತದಾ? ನನಗೆ ಅಂತ ಹೇಳಬೇಡ, ಯಾರೋ ಗೊತ್ತಿರುವವರಿಗೆ ಅನ್ನು. ಡಾಕ್ಟರು ಇಲ್ಲ ಅಂದರೆ, ನನಗೆ ‘ಕೇಳೋದು ಮರೆತೇಹೋಯ್ತು ಕಣೋ’ ಅಂತ ಬರಿ.