ನಿಮ್ಮ ವಾರ್ಡಿನ ಬಾಗಿಲಿಗೆ ಒಂದು ಅಲ್ಪವಿರಾಮ

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ತಮ್ಮ ವಾರ್ಡಿನ ಬಾಗಿಲಲ್ಲಿರುವ ಪ್ರಕಟಣೆಗೆ ಒಂದು ಅಲ್ಪವಿರಾಮ ಬೇಕಾಗಿದೆ. ಈ ಬಗ್ಗೆ ಮೂರು ಅರ್ಜಿ ಕೊಟ್ಟು ಸಾಕಾಗಿದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದಿರುವುದರಿಂದ, ಇನ್ನು ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಪ್ರಕಟಣೆ ಹೀಗಿದೆ: ‘ಶಸ್ತ್ರಚಿಕಿತ್ಸೆಯ ದಿನ ಒಡಹುಟ್ಟಿದವರಿಗೆ ಮಾತ್ರ ಪ್ರವೇಶ ಬೆಳಗ್ಗೆ ಎಂಟರ ನಂತರ ಯಾರಿಗೂ ಪ್ರವೇಶವಿಲ್ಲ.’ ಎಂಟರವರೆಗೆ ಒಡಹುಟ್ಟಿದವರು ಬರಬಹುದು ಎಂಬುದು ತಮ್ಮ ಉದ್ದೇಶ. ಆದರೆ ಉದ್ದೇಶವನ್ನು ತಾವು ಕಡತದೊಳಗೆ ಭದ್ರವಾಗಿಟ್ಟು, ಗೋಡೆಗೆ ಬರೀ ಪದಗಳನ್ನು ಅಂಟಿಸಿದ್ದೀರಿ.

ನನ್ನ ತಂಗಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಇತ್ತು. ಆಮೇಲೆ ಮಾತು ಬರುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಅವಳ ದನಿಯನ್ನು ಕೊನೆಯ ಸಲ ಕೇಳಬೇಕೆಂದು ಪರವೂರಿನಿಂದ ಬಂದಿಳಿದು ಏಳೂವರೆಗೇ ಬಾಗಿಲಲ್ಲಿ ನಿಂತೆ. ಕಾವಲುಗಾರ ಪ್ರಕಟಣೆಯ ಮೇಲೆ ಬೆರಳಾಡಿಸಿ, “ನೋಡಿ ಯಜಮಾನ್ರೇ, ‘ಪ್ರವೇಶ ಬೆಳಗ್ಗೆ ಎಂಟರ ನಂತರ’ ಅಂತಿದೆ. ಅಲ್ಲಿ ಕೂತ್ಕೊಳ್ಳಿ” ಎಂದ. “ಅದು ಹಾಗಲ್ಲಪ್ಪಾ” ಎಂದೆ. “ಹಾಗಲ್ಲ ಅಂತ ಎಲ್ಲಿ ಬರ್ದಿದೆ?” ಎಂದ. ಎಂಟಾಯಿತು, ಪಾಳಿ ಬದಲಾಯಿತು. ಹೊಸಬ ಅದೇ ಸಾಲನ್ನು ಸರಿಯಾಗಿಯೇ ಓದಿದ: “ಎಂಟಾದ್ಮೇಲೆ ಯಾರಿಗೂ ಇಲ್ಲ. ಸ್ವಲ್ಪ ಮುಂಚೆ ಬರೋಕೇನಾಗಿತ್ತು?” ಏಳೂವರೆಯಿಂದ ಕೂತಿದ್ದ ಜಾಗವನ್ನು ಅವನಿಗೆ ತೋರಿಸಿದೆ. ಬಾಗಿಲಿನಾಚೆ ಅವಳನ್ನು ಕರೆದೊಯ್ಯುವ ಗಾಲಿಗಳ ಸದ್ದು ಮಾತ್ರ ಕೇಳಿತು.

ತಪ್ಪೆಲ್ಲ ತಮ್ಮದೇ ಎಂದು ಕೈತೊಳೆದುಕೊಳ್ಳಲಾರೆ. ಆ ಪ್ರಕಟಣೆ ಅಚ್ಚಾದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು ನಾನೇ. ಮೊದಲ ‘ಪ್ರವೇಶ’ ಆದ ಮೇಲೆ ಅಲ್ಪವಿರಾಮ ಹಾಕಿ ಕಳಿಸಿದ್ದೆ. ತಮ್ಮ ಕಚೇರಿ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ‘ಮೂಲದಲ್ಲಿದ್ದಂತೆ ಮುದ್ರಿಸಿ’ ಎಂದು ಬರೆದಿತ್ತು. ಅಷ್ಟು ಚಿಕ್ಕ ಗೀಟಿಗಾಗಿ ಯಾರು ಜಗಳ ಕಾಯುತ್ತಾರೆ, ಯಾರ ಗಂಟೇನು ಹೋಗುತ್ತದೆ ಎಂದುಕೊಂಡು ರುಜು ಹಾಕಿಬಿಟ್ಟೆ. ಮೂವತ್ತು ವರ್ಷ ಅನ್ನ ಕೊಟ್ಟ ಕೆಲಸಕ್ಕೆ ಅವತ್ತು ದ್ರೋಹ ಮಾಡಿದೆ.

ತಂಗಿ ಈಗ ಮನೆಯಲ್ಲಿದ್ದಾಳೆ, ಹೇಳಬೇಕಾದ್ದನ್ನು ಸ್ಲೇಟಿನಲ್ಲಿ ಬರೆಯುತ್ತಾಳೆ. ಮೊದಲು ಬರೆದದ್ದು: ‘ಅಣ್ಣಾ, ಅವತ್ತು ಯಾಕೆ ಬರಲಿಲ್ಲ?’ ‘ಅಣ್ಣಾ’ ಆದ ಮೇಲೆ ಅಲ್ಪವಿರಾಮ ಮರೆತಿರಲಿಲ್ಲ. ಅವಳ ದನಿ ನನಗೀಗ ಉಳಿದಿರುವುದು ಅಷ್ಟರಲ್ಲೇ.

ಪರಿಶೀಲನೆ ಸಾಕು. ಸೋಮವಾರ ಬೆಳಗ್ಗೆ ಏಳೂವರೆಗೆ ಪೆನ್ನು ಹಿಡಿದು ಬರುತ್ತೇನೆ, ಒಂದು ಗೀಟು ಎಳೆಯಲು ಬಿಡಿ. ನನ್ನನ್ನು ತಡೆಯಬಾರದೆಂದು ಕಾವಲುಗಾರರಿಗೆ ತಿಳಿಸಿ. ದಯವಿಟ್ಟು ಬರೆದು ತಿಳಿಸಬೇಡಿ, ಬಾಯಲ್ಲೇ ಹೇಳಿ.

ಇಂತಿ,
ತಮ್ಮ ಅಪ್ಪಣೆಯಂತೆ ರುಜು ಹಾಕಿದ,
ನಿವೃತ್ತ ಕರಡು ತಿದ್ದುವವ