ಹಳೆಯ ಬಾವಿಯ ನೀರು ಒಳ್ಳೆಯದಿತ್ತು

ಅಫಜಲಪುರ ತಾಲೂಕು
೧೨ ಸೆಪ್ಟೆಂಬರ್ ೧೯೯೧

ತೀರ್ಥರೂಪ ಸಮಾನನಾದ ವಾಮನಣ್ಣನಿಗೆ ತಂಗಿ ನರ್ಮದಾಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಕೈ ಬರಲಿಲ್ಲ. ಪುಣೆಯಲ್ಲಿ ನೀವೆಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ಕಾಗದ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಈ ವರ್ಷ ರಾಖಿಯನ್ನೂ ಕಳಿಸಲಿಲ್ಲ, ಅದು ನಿನ್ನ ಗಮನಕ್ಕೆ ಬಂತೋ ಇಲ್ಲವೋ.

ಮಗಳು ಪ್ರಮಿಲಾಳ ಮೊಣಕಾಲುಗಳು ಇನ್ನಷ್ಟು ಒಳಗೆ ಬಾಗಿವೆ. ಹದಿನಾಲ್ಕರ ಹುಡುಗಿ, ಹೊಸ್ತಿಲು ದಾಟಲು ಬಾಗಿಲ ಚೌಕಟ್ಟು ಹಿಡಿಯುತ್ತಾಳೆ. ಇದು ಬೋರಿನ ನೀರಿನಲ್ಲಿರುವ ಫ್ಲೋರೈಡಿನಿಂದ ಬಂದದ್ದು, ಬಾಗಿದ ಎಲುಬನ್ನು ಔಷಧಿ ನೆಟ್ಟಗೆ ಮಾಡುವುದಿಲ್ಲ ಎಂದು ಗುಲ್ಬರ್ಗಾದ ಡಾಕ್ಟರು ಹೇಳಿದ್ದನ್ನು ಹೋದ ವರ್ಷವೇ ನಿನಗೆ ಬರೆದಿದ್ದೆ. ಅವರ ಮೇಜಿನ ಮೇಲಿದ್ದ ದಪ್ಪ ಪುಸ್ತಕದ ಕೊನೆಗೆ, ಈ ವಿಷಯದಲ್ಲಿ ಯಾರು ಯಾರು ಲೇಖನ ಬರೆದಿದ್ದಾರೆಂಬ ಪಟ್ಟಿಯಿತ್ತು. ಅದರಲ್ಲಿ ನಮ್ಮ ತಾಲೂಕಿನ ಹೆಸರಿತ್ತು, ಪಕ್ಕದಲ್ಲಿ ನಿನ್ನ ಹೆಸರಿತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ‘ಇವ್ರು ನಮ್ಮ ಅಣ್ಣ ನೋಡ್ರಿ’ ಎಂದು ಡಾಕ್ಟರಿಗೆ ಬೆರಳಿಟ್ಟು ತೋರಿಸಿದೆ.

ಆ ಲೇಖನ ಕಳಿಸೆಂದು ಕೇಳಿದ್ದಕ್ಕೆ ನೀನು ಒಂದು ಕಾರ್ಡು ಬರೆದೆ. ‘ಅದು ನಿಮಗ ತಿಳಿಯೂದಿಲ್ಲ, ಬರೇ ಅಂಕಿಸಂಖ್ಯಾ. ನನ್ನ ಹತ್ರ ಪ್ರತಿನೂ ಉಳಿದಿಲ್ಲ. ಹುಡುಗಿ ಉಪಚಾರ ನೋಡ್ರಿ.’ ನಾನು ಸುಮ್ಮನಾದೆ. ನಮ್ಮ ಮನೆಯವರು ಸುಮ್ಮನಾಗಲಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರರು, ಆಧಾರ ಕಣ್ಣಾರೆ ಕಾಣದೆ ಬಿಡುವವರಲ್ಲ. ದೊಡ್ಡ ಊರಿನ ಗ್ರಂಥಾಲಯಕ್ಕೆ ಹೋದರು. ಕಾರ್ಡಿಲ್ಲದವರನ್ನು ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲೇ ನಿಲ್ಲಿಸಿದರು. ಕೈಕಾಲು ಹಿಡಿದು ಒಳಗೆ ಹೋದರೆ ಗುಮಾಸ್ತ, ‘ಆ ಪತ್ರಿಕೆ ತರಸೂದ ಬಿಟ್ಟೇವ್ರಿ ಮಾಸ್ತರ, ಪರದೇಶದ್ದು, ಭಾಳ ತುಟ್ಟಿ’ ಎಂದನಂತೆ.

ಕೊನೆಗೆ ಡಾಕ್ಟರೇ ದಾರಿ ತೋರಿಸಿದರು. ಆ ದಪ್ಪ ಪುಸ್ತಕ ಬರೆದವರು ಡೆನ್ಮಾರ್ಕಿನ ಒಬ್ಬ ಪ್ರೊಫೆಸರು. ಇವರು ಅವರಿಗೇ ಇಂಗ್ಲಿಷಿನಲ್ಲಿ ಪತ್ರ ಹಾಕಿದರು. ಅಣ್ಣಾ, ಆ ಮನುಷ್ಯ ನಮ್ಮನ್ನು ಕಂಡವರಲ್ಲ, ಕೇಳಿದವರಲ್ಲ. ನಿನ್ನ ಲೇಖನವನ್ನು ಪೂರ್ತಿ ಝೆರಾಕ್ಸ್ ಮಾಡಿಸಿ, ತಾವೇ ಅಂಚೆವೆಚ್ಚ ಹಾಕಿ ಕಳಿಸಿದರು. ಕೂಸು ಹೇಗಿದೆ, ಈಗ ಯಾವ ನೀರು ಕುಡಿಯುತ್ತಿದೆ ಎಂದು ಜೊತೆಗೊಂದು ಚೀಟಿಯನ್ನೂ ಇಟ್ಟಿದ್ದರು.

ಇವರು ಡಿಕ್ಷನರಿ ಹಿಡಿದು ಅದನ್ನು ಕನ್ನಡಕ್ಕೆ ತಂದರು. ನೀನು ಹೇಳಿದಷ್ಟು ಕಷ್ಟವೇನೂ ಇರಲಿಲ್ಲ, ನನಗೆ ಎಲ್ಲ ತಿಳಿಯಿತು. ಊರ ಬೋರಿನ ನೀರು ಮಕ್ಕಳ ಎಲುಬಿಗೆ ಅಪಾಯ. ಹಳೆಯ ಬಾವಿಯ ನೀರು ಕುಡಿಯಲು ಯೋಗ್ಯ. ಇಷ್ಟೇ. ಅಚ್ಚಾದದ್ದು ೧೯೮೦ರಲ್ಲಿ. ಬೋರು ಬಂತಲ್ಲ, ಇನ್ನು ಬಾವಿ ಯಾಕೆಂದು ಊರವರು ಅದನ್ನು ಮುಚ್ಚಿದ್ದು ೧೯೮೪ರಲ್ಲಿ. ಮಲ್ಕಪ್ಪನ ಟ್ರ್ಯಾಕ್ಟರ್ ಕಲ್ಲುಮಣ್ಣು ತಂದು ಸುರಿಯಿತು. ಆ ದೀಪಾವಳಿಗೆ ನೀನು ಬಂದಿದ್ದೆ. ಬಾವಿ ಮುಚ್ಚಿ ಕಟ್ಟಿದ ಕಟ್ಟೆಯ ಮೇಲೆ ಕೂತು ಚುರುಮುರಿ ಸೂಸಲ ತಿಂದೆ, ಕಟ್ಟೆ ಚಲೋ ಆಗೇದ ಎಂದೆ.

ಇವರು ಅಫಜಲಪುರಕ್ಕೆ ಹೋಗಿ ಫೋನ್ ಮಾಡಿದಾಗ ನೀನು ಕೊಟ್ಟ ಉತ್ತರ ನನ್ನ ಎದೆಯಲ್ಲಿ ಕೂತಿದೆ. ‘ನಾ ಏನ್ ಮುಚ್ಚಿಟ್ಟೇನಿ ಶ್ರೀಪಾದ? ಅಚ್ಚಾಗೇದಲ್ಲ, ಯಾರ ಬೇಕಾದ್ರೂ ಓದಬಹುದು.’ ಯಾರು ಬೇಕಾದರೂ ಎಂದರೆ ಯಾರು, ಅಣ್ಣಾ?

ಸಿಟ್ಟು ನಿನ್ನೊಬ್ಬನ ಮೇಲೇ ಅಲ್ಲ. ಬೀಸುಕಲ್ಲಿನ ಹಾಡು ಬೇಕೆಂದು ಒಬ್ಬರು ಟೇಪು ಹಿಡಿದು ಬಂದು, ನಿಂಬೆವ್ವನ ಹತ್ತಿರ ಗಂಟಲು ಕಟ್ಟುವವರೆಗೆ ಹಾಡಿಸಿಕೊಂಡು ಹೋದರು. ‘ನನ್ನ ಹಾಡು ಎಲ್ಲಿ ಇಟ್ಟಾರಬೇ?’ ಎಂದು ಮುದುಕಿ ಈಗಲೂ ನನ್ನನ್ನು ಕೇಳುತ್ತಾಳೆ. ಹನುಮಂತದೇವರ ಗುಡಿಯ ಹಿಂದಿನ ಶಾಸನವನ್ನು ಯಾರೋ ಕಾಗದಕ್ಕೆ ಇಳಿಸಿಕೊಂಡು ಹೋಗಿ ಓದಿದರಂತೆ, ಅಚ್ಚೂ ಮಾಡಿದರಂತೆ. ಅದೇ ಊರಿನಲ್ಲಿ ಇತಿಹಾಸ ಕಲಿಸುವ ಇವರಿಗೆ ಆ ಕಲ್ಲು ಏನು ಹೇಳುತ್ತದೋ ಇನ್ನೂ ಗೊತ್ತಿಲ್ಲ. ಬಂದವರಿಗೆಲ್ಲ ನಾವು ಬಿಸಿ ರೊಟ್ಟಿ ಬಡಿದು ಹಾಕಿದೆವು. ನಮ್ಮ ನೀರು, ನಮ್ಮ ಕಲ್ಲು, ನಮ್ಮ ಹಾಡು ಎಲ್ಲವೂ ಯಾವುದೋ ಕಪಾಟಿನಲ್ಲಿವೆ. ಕೀಲಿಕೈ ನಮ್ಮ ಹತ್ತಿರ ಇಲ್ಲ.

ಹುಸೇನಸಾಬನ ನೆನಪಿದೆಯಲ್ಲ, ಬಾವಿಗಿಳಿದು ನಿನ್ನ ಬಾಟಲಿಗಳಿಗೆ ನೀರು ತುಂಬಿಕೊಟ್ಟವನು. ಈಗ ಬೆನ್ನು ಬಾಗಿ ನೆಲ ನೋಡುತ್ತ ನಡೆಯುತ್ತಾನೆ. ಇವರು ಲೇಖನ ಓದಿ ಹೇಳಿದಾಗ, ‘ನಮ್ಮ ಹೆಸರೂ ಐತೇನ್ರಿ ಅದರಾಗ?’ ಎಂದು ಕೇಳಿದ. ಗ್ರಾಮಸ್ಥರ ಸಹಕಾರಕ್ಕೆ ಆಭಾರಿ ಎಂದಿದೆ ಎಂದೆವು. ‘ಆಭಾರ ಇರ್ಲಿರಿ ಅಕ್ಕಾರ. ಹೋಗುವಾಗ ಒಂದು ಮಾತು ಹೇಳಿದ್ರ ಸಾಕಿತ್ತು’ ಎಂದ.

ಇವರ ಕನ್ನಡದ ಬರಹವನ್ನು ಗಿರಣಿಗೆ, ಪಂಚಾಯತಿಗೆ, ಶಾಲೆಗೆ ಅಂಟಿಸಿದ್ದೇವೆ. ಕಟ್ಟೆ ಒಡೆದು ಬಾವಿಯ ಹೂಳು ತೆಗೆಯುತ್ತಿದ್ದಾರೆ. ಸಣ್ಣ ಮಕ್ಕಳ ಕಾಲಾದರೂ ಉಳಿದಾವು. ಪ್ರಮಿಲಾಳ ಪಾಲಿಗೆ ತಡವಾಯಿತು.

ನಿನಗೂ ಸರಸ್ವತಿಬಾಯಿ ವೈನಿಯವರಿಗೂ ನಮಸ್ಕಾರ. ಮಕ್ಕಳಿಗೆ ನನ್ನ ಆಶೀರ್ವಾದ. ಅವರು ನೆಟ್ಟಗೆ ನಿಂತು ನೂರು ವರ್ಷ ಬಾಳಲಿ, ಇದನ್ನು ಮನಸಾರೆ ಬರೆದಿದ್ದೇನೆ.

ನಿನ್ನ ತಂಗಿ,
ನರ್ಮದಾ

ತಾ.ಕ.: ಆ ಲೇಖನ ಅಚ್ಚಾದ ಮರುವರ್ಷದಿಂದ ನೀವು ರಜೆಗೆ ಬರುವಾಗ ಕ್ಯಾನಿನಲ್ಲಿ ಭೀಮಾ ನದಿಯ ನೀರು ತರುತ್ತಿದ್ದಿರಿ. ಘತ್ತರಗಿ ಭಾಗ್ಯವಂತಿಯ ತೀರ್ಥ, ಮಕ್ಕಳು ಬೇರೆ ನೀರು ಕುಡಿಯಬಾರದೆಂದು ಹರಕೆ ಇದೆ ಎಂದು ವೈನಿ ಹೇಳುತ್ತಿದ್ದರು. ಪುಣೆಗೆ ಹೋದರೂ ನಮ್ಮ ದೇವಿಯನ್ನು ಮರೆತಿಲ್ಲವೆಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಒಂದು ಸಲ ಪ್ರಮಿಲಾ ನಿನ್ನ ಮಕ್ಕಳ ಜೊತೆ ಆಡಿ ಬಂದು, ಆ ನೀರಿಗೆ ಲೋಟ ಚಾಚಿದಳು. ‘ಇದು ಹರಕೀ ನೀರು, ನಿನಗ ಬ್ಯಾಡ’ ಎಂದು ವೈನಿ ಲೋಟ ಕಸಿದುಕೊಂಡರು. ನೀನು ಅಲ್ಲೇ ಕೂತು ಪೇಪರ್ ಓದುತ್ತಿದ್ದೆ. ಹುಡುಗಿ ಅತ್ತಳು. ನಾನೇ ರಮಿಸಿ, ನಮ್ಮ ಕೊಡದಿಂದ ಲೋಟ ತುಂಬಿ ಬೋರಿನ ನೀರು ಕುಡಿಸಿದೆ.