ಡೀಸೆಲಿನಿಂದ ಬಂದ ವಿಮಾನದ ಟಿಕೆಟು

ಅಬ್ಬಾ,

ನೀವು ಏಳುವಾಗ ನಾನು ಶಿರಸಿ ಬಸ್ಸಿನಲ್ಲಿರುತ್ತೇನೆ. ಚಹಾ ಫ್ಲಾಸ್ಕಿನಲ್ಲಿದೆ. ಇದನ್ನು ಪೂರ್ತಿ ಓದಿದ ಮೇಲೆಯೇ ಲಾರಿ ಹತ್ತಿರ ಹೋಗಿ.

"ಪಾಯಿಂಟೂ ಇಲ್ಲ ಎಂತದೂ ಇಲ್ಲ, ಎಲ್ಲಾ ಮೋಸ" ಅಂತ ಬ್ಯಾಂಕಿನ ಮೆಸೇಜು ಅಳಿಸುತ್ತಿದ್ದಿರಲ್ಲ, ಅದು ಮೋಸವಲ್ಲ. ಬ್ಯಾಂಕಿನ ಕಾರ್ಡಿನಲ್ಲಿ ಡೀಸೆಲ್ ಹಾಕಿಸಿದಾಗೆಲ್ಲ ನಿಮ್ಮ ಹೆಸರಿಗೆ ಬಹುಮಾನದ ಪಾಯಿಂಟು ಜಮಾ ಆಗಿದೆ. ಈ ತಿಂಗಳು ದಾಟಿದ್ದರೆ ಎಲ್ಲ ರದ್ದು! ಅವರ ನಿಯಮ ಓದಿ ತಲೆ ಕೆಟ್ಟರೂ ನಾನು ಬಿಡಲಿಲ್ಲ. ಅಷ್ಟನ್ನೂ ವಿಮಾನದ ಕಂಪನಿಗೆ ವರ್ಗಾಯಿಸಿ, ಹುಬ್ಬಳ್ಳಿಯಿಂದ ದೆಹಲಿಗೆ ನಿಮಗೂ ಅಮ್ಮಿಗೂ ಟಿಕೆಟು ತೆಗೆದಿದ್ದೇನೆ. ಶುಕ್ರವಾರ ಹೊರಡಬೇಕು. ಅಲ್ಲಿರುವ ಜೊಹರಾ ಅಕ್ಕನ ಮಗುವನ್ನು ಫೋನಿನಲ್ಲಿ ನೋಡಿದ್ದು ಸಾಕು.

ಲೋಡಿದೆ ಅನ್ನಬೇಡಿ. ಅಜರ್ ಚಾಚಾ ಒಯ್ಯುತ್ತಾರೆ, ಮಾತಾಡಿ ಆಗಿದೆ. ಆಧಾರ್ ಕಾರ್ಡು ಲಾರಿಯಲ್ಲೇ ಇರಬೇಕು, ತಂದಿಡಿ. ಅಡಕತ್ತರಿ ಮಾತ್ರ ಜೇಬಿನಲ್ಲಿ ಬೇಡ, ವಿಮಾನದೊಳಗೆ ಬಿಡುವುದಿಲ್ಲ.

ಅಮ್ಮಿ ನಿನ್ನೆಯಿಂದ ನನ್ನ ಬುದ್ಧಿಯನ್ನೇ ಹೊಗಳುತ್ತಿದ್ದಾಳೆ. ನನಗೂ ಖುಷಿಯೇ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಒತ್ತಿದ್ದು ಮೊಬೈಲಿನ ಗುಂಡಿ. ಅರಬೈಲ್ ಘಟ್ಟದಲ್ಲಿ ಲಾರಿ ಹತ್ತಿಸಿ ಇಳಿಸಿ ಆ ಪಾಯಿಂಟು ದುಡಿದವರು ನೀವು.

ಕಿಟಕಿ ಸೀಟು ನಿಮ್ಮದೇ. ಒಂದು ದಿನ ಬೇರೆಯವರು ಓಡಿಸಲಿ, ನೀವು ಹೊರಗೆ ನೋಡುತ್ತಾ ಕೂತುಕೊಳ್ಳಿ.

ನುಜ್ಹತ್